ಮಾತ್ರೆ ಒಂದು ವರ್ಷಕ್ಕೆ ಮುಗಿಯುವುದಿಲ್ಲ

"ಮೊದಲ ವರ್ಷ ದಾಟಿದ ಮೇಲೆ ಊಟ ಸರಿಯಿದ್ದರೆ ವಿಟಮಿನ್ ಮಾತ್ರೆ ಬಿಡಬಹುದು" ಅಂತ ತೂಕ ಇಳಿಸುವ ಆಪರೇಷನ್ ಬಗ್ಗೆ ಬಂದ ಲೇಖನದಲ್ಲಿದೆ. ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಹೊಟ್ಟೆ ಚಿಕ್ಕದು ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಆಪರೇಷನ್ ಆದವರ ವಿಷಯದಲ್ಲಿ ಇದು ತಪ್ಪು. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವ ಸಣ್ಣ ಕರುಳಿನ ಮೊದಲ ಭಾಗದ ಕಡೆಗೆ ಊಟ ಹೋಗುವುದೇ ಇಲ್ಲ. ತಿಂದದ್ದು ಮೈಗೆ ಹತ್ತಬೇಕು ಅಲ್ವಾ?

ವಿಟಮಿನ್ ಬಿ12 ಇನ್ನೂ ಮೋಸದ್ದು. ಲಿವರ್‌ನಲ್ಲಿ ವರ್ಷಗಟ್ಟಲೆಗೆ ಆಗುವಷ್ಟು ದಾಸ್ತಾನು ಇರುತ್ತದೆ, ಹಾಗಾಗಿ ಮಾತ್ರೆ ಬಿಟ್ಟ ಕೂಡಲೇ ಏನೂ ಗೊತ್ತಾಗುವುದಿಲ್ಲ. ನನ್ನ ಅಕ್ಕನಿಗೆ ಆಪರೇಷನ್ ಆಗಿ ಮೂರನೇ ವರ್ಷ ಪಾದ ಜುಮ್ಮೆನ್ನಲು ಶುರುವಾಯಿತು. ನಡೆಯುವಾಗ ಚಪ್ಪಲಿ ಕಳಚಿಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಮೋಗ್ಲೋಬಿನ್ ನಾರ್ಮಲ್ ಇತ್ತು, ಅದಕ್ಕೇ ಯಾರೂ ಬಿ12 ನೋಡಿರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ನಿಧಾನಕ್ಕೆ ಸುಧಾರಿಸಿತು.

ಇನ್ನೊಂದು, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, 2 ಗಂಟೆಯಾದರೂ ಅಂತರ ಬೇಕು. ಲೇಖನದಲ್ಲಿ ಈ ಸುದ್ದಿಯೇ ಇಲ್ಲ.

ತೂಕ ಮತ್ತೆ ಏರಿದವರಿಗೆ "ಮನಸ್ಸು ಗಟ್ಟಿಯಿಲ್ಲ" ಅಂದದ್ದಂತೂ ಸುಮ್ನೆ ಬೈದ ಹಾಗಿದೆ. ಜ್ಯೂಸ್, ಐಸ್‌ಕ್ರೀಂ ಸಣ್ಣ ಹೊಟ್ಟೆಯಲ್ಲೂ ಸಲೀಸಾಗಿ ಇಳಿದುಹೋಗುತ್ತವೆ. ಹೊಟ್ಟೆ ತುಂಬಿದ ಹಾಗೇ ಆಗುವುದಿಲ್ಲ, ಕ್ಯಾಲೊರಿ ಮಾತ್ರ ಜಾಸ್ತಿ. ಊಟಕ್ಕೆ ಕೂತಾಗ ಪ್ರೋಟೀನ್ ಮೊದಲು ತಿನ್ನಿ, ದಿನಕ್ಕೆ 60 ಗ್ರಾಂ ಆದರೂ ಆಗಲಿ ಅಂತ ಬರೆದಿದ್ದರೆ ಓದಿದವರಿಗೆ ಉಪಯೋಗವಾಗುತ್ತಿತ್ತು.