ಗ್ಯಾರೇಜಿನೋರೇ, ವೋಲ್ಟ್ ತೋರ್ಸೋ ಒಂದ್ ಮೀಟರ್ ಇಟ್ಟು ನೋಡೋಕೆ ಏನ್ರೀ ಕಷ್ಟ ನಿಮ್ಗೆ?

ಸಿಟ್ಟು ತಡ್ಕೊಳಕ್ಕಾಗ್ತಿಲ್ಲ, ಅದಕ್ಕೆ ಬರೀತಿದೀನಿ. ವೈಕುಂಠ ಏಕಾದಶಿ ಹಿಂದಿನ ದಿನ, ಬೆಳಗ್ಗೆ ನಾಲ್ಕೂವರೆ, ಚಿಕ್ಕಬಳ್ಳಾಪುರದ ಪಕ್ಕ ನಮ್ಮೂರಲ್ಲಿ ಮಂಜು ಹೆಂಗೆ ಬಿದ್ದಿತ್ತು ಅಂದ್ರೆ ನಂದಿಬೆಟ್ಟ ಇರ್ಲಿ, ಮನೆ ಮುಂದಿನ ಹುಣಸೇಮರಾನೇ ಕಾಣ್ತಿರ್ಲಿಲ್ಲ. ಗಾಡಿ ಹಿಂದಿನ ಸೀಟ್ ಮಡಚಿ ಐದು ಚೀಲ ಸೇವಂತಿಗೆ ತುಂಬಿದ್ದೆ. ಧನುರ್ಮಾಸದಲ್ಲಿ ಮದುವೆ ಮುಂಜಿ ಇರಲ್ಲ, ಹೂವಿನ ರೇಟು ಮೊದಲೇ ಬಿದ್ದಿರುತ್ತೆ, ಆ ತಿಂಗಳಲ್ಲಿ ನಾಲ್ಕು ಕಾಸು ಕಾಣೋದು ಅಂದ್ರೆ ಈ ಏಕಾದಶಿಗೇನೇ. ಕೀ ತಿರುಗಿಸಿದ್ರೆ 'ಟಕ್' ಅಂತು, ಡ್ಯಾಶ್‌ಬೋರ್ಡ್ ಲೈಟೆಲ್ಲ ಮಂಕಾಯ್ತು, ಅಷ್ಟೇ. ಅರವತ್ತೆಂಟು ವರ್ಷದ ನಮ್ಮಮ್ಮ ತಲೆಗೆ ಟವೆಲ್ ಸುತ್ಕೊಂಡು ಬಂದು ಆ ಚಳೀಲಿ ನನ್ ತಮ್ಮನ ಜೊತೆ ಗಾಡಿ ತಳ್ಳಿದ್ಲು. ಮಾರ್ಕೆಟ್ ಸೇರೋ ಹೊತ್ತಿಗೆ ಎಂಟು ಗಂಟೆ, ಹೊರಗಡೆ ವ್ಯಾಪಾರಿಗಳೆಲ್ಲ ಲೋಡ್ ಮಾಡ್ಕೊಂಡು ಹೋಗಿದ್ರು, ಹೂವು ಅರ್ಧ ರೇಟಿಗೆ ಹೋಯ್ತು.

ಇದು ಒಂದೇ ದಿನದ ಕತೆ ಆಗಿದ್ರೆ ಬಿಟ್ಬಿಡ್ತಿದ್ದೆ. ನವೆಂಬರ್ ಕೊನೆಯಿಂದ ಇದೇ ಗೋಳು. ಗಾಡಿ 2008ರದ್ದು, ಹಳೇ ಮಾದರಿ ಡೀಸೆಲ್ ಇಂಜಿನ್, ಒಪ್ಕೋತೀನಿ. ಆದ್ರೆ ಮಧ್ಯಾಹ್ನ ಸೆಲ್ಫ್ (ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡೋ ಮೋಟರ್) ಒಂದ್ಸಲ ಹೊಡೆದ್ರೆ ಸ್ಟಾರ್ಟ್ ಆಗುತ್ತೆ, ಬೆಳಗಿನ ಜಾವ ಮಾತ್ರ ಸತ್ತಂಗಿರುತ್ತೆ. ಮೊದಲನೇ ಗ್ಯಾರೇಜಿನವನು ಬಾನೆಟ್ ಎತ್ತಿ ಒಂದ್ಸಲ ನೋಡ್ದ, "ಅಣ್ಣಾ ಬ್ಯಾಟರಿ ಡೆಡ್ಡು" ಅಂದ. ₹5,200. ಹತ್ತು ದಿನ ಚೆನ್ನಾಗಿತ್ತು, ಚಳಿ ಜಾಸ್ತಿ ಆಯ್ತು, ಮತ್ತೆ 'ಟಕ್'. ವಾಪಸ್ ಹೋದ್ರೆ "ಸೆಲ್ಫ್ ಮೋಟರ್ ವೀಕ್ ಆಗೈತೆ ಅಣ್ಣಾ" ಅಂತ ಬೇರೇದು ಕೂರಿಸಿ ₹6,500 ತಗೊಂಡ. ಮತ್ತೆ ಅದೇ. ಎರಡನೇ ಗ್ಯಾರೇಜಿನವರಂತೂ "ಚಳಿಗೆ ಡೀಸೆಲ್ ಗಟ್ಟಿಯಾಗ್ತೈತೆ" ಅಂತ ಡೀಸೆಲ್‌ಗೆ ಬೆರೆಸೋ ಅಡಿಟಿವ್ ಒಂದು ಬಾಟ್ಲಿ ಮಾರಿದ್ರು. ಯಪ್ಪಾ, ನಮ್ಮ ಕಡೆ ಚಳಿ ಅಂದ್ರೆ ಎಷ್ಟು, ಹತ್ತು ಹನ್ನೆರಡು ಡಿಗ್ರಿ. ಡೀಸೆಲ್ ಮೇಣ ಕಟ್ಟೋಕೆ ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿ ಚಳಿ ಬೇಕು ಕಣ್ರೀ, ಚಿಕ್ಕಬಳ್ಳಾಪುರದ್ದು ಸಾಕಾಗಲ್ಲ. ಗೊತ್ತಿಲ್ಲದೆ ಹೇಳಿದ್ರೋ ಗೊತ್ತಿದ್ದೇ ಹೇಳಿದ್ರೋ, ದುಡ್ಡು ಹೋಗಿದ್ದು ನಂದು.

ಕೊನೆಗೆ ಹಿಡಿದಿದ್ದು ಯಾರು ಗೊತ್ತಾ, ಟ್ರ್ಯಾಕ್ಟರ್ ವೈರಿಂಗ್ ಮಾಡ್ಕೊಂಡಿರೋ ವಯಸ್ಸಾದ ಎಲೆಕ್ಟ್ರಿಷಿಯನ್ ಒಬ್ರು. ಮೊದಲು ಏನನ್ನೂ ಬಿಚ್ಚಲಿಲ್ಲ ಅವ್ರು, ಪ್ರಶ್ನೆ ಕೇಳಿದ್ರು. ಸೆಲ್ಫ್ ತಿರುಗುತ್ತಾ ಇಲ್ಲ ಬರೀ ಟಕ್ ಅನ್ನುತ್ತಾ? ತಿರುಗಿದಾಗ ಹೊಗೆ ಬರುತ್ತಾ? ಬಂದ್ರೆ ಯಾವ ಬಣ್ಣ? ಟಕ್ ಅಂದು ಲೈಟ್ ಮಂಕಾದ್ರೆ ಕರೆಂಟಿನ ಕಡೆ ನೋಡ್ಬೇಕಂತೆ, ಚೆನ್ನಾಗಿ ತಿರುಗಿ ಹೊಗೇನೇ ಬರ್ಲಿಲ್ಲ ಅಂದ್ರೆ ಡೀಸೆಲ್ ಬರ್ತಿಲ್ಲ, ರಾತ್ರಿಯೆಲ್ಲ ನಿಂತು ಪೈಪಲ್ಲಿ ಏರ್ ತಗೊಂಡಿರ್ಬೋದು, ಬಿಳಿ ಹೊಗೆ ಬಂದು ನಡುಗ್ತಾ ಸ್ಟಾರ್ಟ್ ಆದ್ರೆ ಡೀಸೆಲ್ ಬರ್ತೈತೆ ಆದ್ರೆ ಪೂರ್ತಿ ಹತ್ತಿಕೊಳ್ತಿಲ್ಲ, ಹೀಟರ್ ಪ್ಲಗ್ (ತಣ್ಣಗಿರೋ ಇಂಜಿನ್ ಒಳಗೆ ಬಿಸಿ ಕೊಡೋದು) ನೋಡ್ಬೇಕು. ನಮ್ ಗಾಡಿ ಬರೀ ಟಕ್ ಅನ್ನೋದು, ಅಪ್ಪಿತಪ್ಪಿ ತಿರುಗಿದ ದಿನ ಬಿಳಿ ಹೊಗೆ.

ಆಮೇಲೆ ಮೀಟರ್ ತೆಗೆದು ಒಂದು ವೈರು ಬ್ಯಾಟರಿ ಮೈನಸ್‌ಗೆ, ಇನ್ನೊಂದು ನೇರವಾಗಿ ಇಂಜಿನ್ ಮೈಗೆ ಇಟ್ಟು "ಹೊಡಿಯಪ್ಪಾ ಸೆಲ್ಫು" ಅಂದ್ರು. ಎರಡು ವೋಲ್ಟಿನ ಮೇಲೆ ತೋರಿಸ್ತು. "ಇಲ್ಲಿ ಅರ್ಧ ವೋಲ್ಟೂ ಬರಬಾರ್ದು, ನಿನ್ ಕರೆಂಟೆಲ್ಲ ದಾರೀಲೇ ಸಾಯ್ತಾ ಐತೆ" ಅಂದ್ರು. ಗೇರ್‌ಬಾಕ್ಸ್‌ನಿಂದ ಗಾಡಿ ಮೈಗೆ ಹೋಗೋ ಅರ್ತ್ ಕೇಬಲ್ (ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗೋ ದಾರಿ) ಬಿಚ್ಚಿ ರಬ್ಬರ್ ಸೀಳಿ ತೋರಿಸಿದ್ರು, ಒಳಗೆ ತಾಮ್ರಾನೇ ಇಲ್ಲ, ಬರೀ ಹಸಿರು ಕಿಲುಬು, ಉಗುರಲ್ಲಿ ಕೆರೆದ್ರೆ ಪುಡಿ ಉದುರುತ್ತೆ, ನಾಲ್ಕೇ ನಾಲ್ಕು ಎಳೆ ಗಟ್ಟಿಯಾಗಿದ್ವು. ಬೆಳಗ್ಗೆ ಇಂಜಿನ್ ಆಯಿಲ್ ತಣ್ಣಗೆ ದಪ್ಪಗಿರುತ್ತೆ, ಇಂಜಿನ್ ತಿರುಗಿಸೋಕೆ ಸೆಲ್ಫ್ ಜಾಸ್ತಿ ಕರೆಂಟ್ ಎಳೆಯುತ್ತೆ, ಆ ನಾಲ್ಕು ಎಳೇಲಿ ಅಷ್ಟು ಹೋಗಲ್ಲ. ಮಧ್ಯಾಹ್ನ ಇಂಜಿನ್ ಬಿಸಿ ಇದ್ದಾಗ ಕಮ್ಮಿ ಸಾಕು, ಹೋಗುತ್ತೆ. ಹೀಟರ್ ಪ್ಲಗ್ಗಿಗೂ ಅರ್ತ್ ಸಿಗೋದು ಇಂಜಿನ್ ಮೈಯಿಂದಾನೇ, ಹಂಗಾಗಿ ಅವೂ ಸರಿಯಾಗಿ ಕಾಯ್ತಿರ್ಲಿಲ್ಲ, ಅದ್ರಲ್ಲೂ ನಾಲ್ಕರಲ್ಲಿ ಎರಡು ಸತ್ತೇ ಹೋಗಿದ್ವು. ಡ್ಯಾಶ್‌ಬೋರ್ಡಲ್ಲಿ ಹೀಟರ್ ಲೈಟ್ ಹತ್ತಿ ಆರುತ್ತಲ್ಲ ಅಂತ ನಾನು ನಂಬ್ಕೊಂಡಿದ್ದೆ, ಅದು ಟೈಮ್ ಆದ್ಮೇಲೆ ತಾನೇ ಆರೋದಂತೆ, ಪ್ಲಗ್ ಕಾದಿದೆ ಅಂತ ಅದರರ್ಥ ಅಲ್ವಂತೆ.

ಕೇಬಲ್ಲಿಗೆ ₹280. ಹೊಸ ಪ್ಲಗ್ ಎರಡಕ್ಕೆ ಬೇರೆ. ಈಗ ಐದು ಗಂಟೆ ಮಂಜಲ್ಲೂ ಅರ್ಧ ಸುತ್ತಲ್ಲೇ ಸ್ಟಾರ್ಟ್. ₹11,700 ನನ್ ಜೇಬಿಂದ ಕಿತ್ಕೊಂಡೋರ ಹತ್ರ ಆ ಮೀಟರ್ ಇರ್ಲಿಲ್ವಾ? ಇತ್ತು! ಗೋಡೆ ಮೇಲೆ ಮೊಳೆಗೆ ನೇತಾಕಿದ್ರು, ನಾನೇ ಕಣ್ಣಾರೆ ನೋಡಿದೀನಿ. ಐದು ನಿಮಿಷದ ಕೆಲಸ.

ಗೇರ್ ವಿಷಯಾನೂ ಕೇಳಿ, ಅದೂ ಇದೇ ತರ. ಬೆಳಗ್ಗೆ ಮೊದಲ ನಾಲ್ಕೈದು ಕಿಲೋಮೀಟರ್ ಸೆಕೆಂಡ್ ಗೇರ್ ಬೀಳ್ತಾನೇ ಇರ್ಲಿಲ್ಲ, ಒತ್ತಿದ್ರೆ ಕರ್ರ್ ಅನ್ನೋದು. ಹೈವೇ ಹತ್ತೋ ಹೊತ್ತಿಗೆ ಬೆಣ್ಣೆ ತರ. ದೊಡ್ಡ ಗ್ಯಾರೇಜಲ್ಲಿ "ಸಿಂಕ್ರೋ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕು, 22 ಸಾವಿರ ಆಗುತ್ತೆ, ಹೆಂಗೂ ಇಳಿಸ್ತೀವಿ ಕ್ಲಚ್ ಪ್ಲೇಟೂ ಹಾಕಿಬಿಡೋಣ" ಅಂದ್ರು. ಸಿಂಕ್ರೋ ಅಂದ್ರೆ ಗೇರ್ ಬೀಳೋ ಮುಂಚೆ ಎರಡೂ ಕಡೆ ವೇಗ ಸಮ ಮಾಡೋ ರಿಂಗು. ಅದೇ ಎಲೆಕ್ಟ್ರಿಷಿಯನ್ನು "ಸಿಂಕ್ರೋ ಸವೆದಿದ್ರೆ ಬಿಸಿಯಾದ್ಮೇಲೂ ಕರ್ರ್ ಅನ್ನಬೇಕಲ್ವಾ" ಅಂತ ಕೇಳಿದ್ರು. ಕ್ಲಚ್ ಒತ್ತಿ ಐದು ಸೆಕೆಂಡ್ ನಿಂತು ರಿವರ್ಸ್ ಹಾಕಿಸಿದ್ರು, ಸದ್ದಿಲ್ಲದೆ ಬಿತ್ತು, ಅಂದ್ರೆ ಕ್ಲಚ್ ಪೂರ್ತಿ ಬಿಡ್ತಿದೆ, ತೊಂದರೆ ಅದರದ್ದಲ್ಲ. ಆಮೇಲೆ ಹಳೇ ಬಿಲ್ ತೆಗೆದು ನೋಡಿದ್ರೆ ಕಳೆದ ಸರ್ವೀಸಲ್ಲಿ 90 ನಂಬರ್ ದಪ್ಪ ಆಯಿಲ್ ಸುರಿದಿದಾರೆ, ಗಾಡಿ ಪುಸ್ತಕದಲ್ಲಿ ಕ್ಲಿಯರಾಗಿ 75ಡಬ್ಲ್ಯೂ ತೆಳು ಆಯಿಲ್, ಜಿಎಲ್-4 ದರ್ಜೆದು ಅಂತ ಐತೆ! ಸಿಂಕ್ರೋ ರಿಂಗು ಹಿಡಿತ ಸಿಗಬೇಕು ಅಂದ್ರೆ ಮಧ್ಯದ ಆಯಿಲ್ ಪದರಾನ ಕತ್ತರಿಸ್ಕೊಂಡು ಹೋಗ್ಬೇಕು, ತಣ್ಣಗೆ ಜೇನುತುಪ್ಪದ ತರ ಇದ್ರೆ ಎಲ್ಲಿ ಕತ್ತರಿಸುತ್ತೆ? ಇನ್ನೊಂದು ಹೊಟ್ಟೆ ಉರಿಯೋ ವಿಷಯ, ಅವ್ರು ಹಾಕಿದ್ದು ಜಿಎಲ್-5, ಅದರಲ್ಲಿರೋ ಗಂಧಕದ ಅಂಶ ಕೆಲವು ಹಿತ್ತಾಳೆ ರಿಂಗನ್ನ ನಿಧಾನಕ್ಕೆ ತಿನ್ನುತ್ತೆ. ಇಲ್ಲದ ರೋಗಕ್ಕೆ 22 ಸಾವಿರ ಕೇಳಿದ್ರು, ಇನ್ನೆರಡು ವರ್ಷ ಅದೇ ಆಯಿಲಲ್ಲಿ ಓಡಿಸಿದ್ರೆ ರೋಗಾನೇ ಬರ್ತಿತ್ತೇನೋ. ಆಯಿಲ್ ಇಳಿಸಿ ಸರಿಯಾದ್ದು ಹಾಕಿದೆ, ಸೆಕೆಂಡ್ ಗೇರ್ ಒಂದು ಬೆರಳಲ್ಲಿ ಬೀಳುತ್ತೆ.

ಹಳೇ ಗಾಡಿ ಇಟ್ಕೊಂಡೋರು ಅಂದ್ರೆ ಏನು ಹೇಳಿದ್ರೂ ನಂಬ್ತಾರೆ, "ವಯಸ್ಸಾಯ್ತಣ್ಣ ಗಾಡಿಗೆ, ಮಾರ್ಬುಡು" ಅಂದ್ರೆ ತಲೆ ಆಡಿಸ್ಕೊಂಡು ಹೋಗ್ತಾರೆ ಅಂದ್ಕೊಂಡಿದಾರೆ. ಹೊಸದು ತಗೊಳೋಕೆ ನಮ್ಗೇನು ಸೇವಂತಿಗೆ ತೋಟದಲ್ಲಿ ದುಡ್ಡು ಬಿಡ್ತಿದ್ಯಾ?

ನನ್ ಹಳೇ ಸೆಲ್ಫ್ ಮೋಟರ್ ನೆಟ್ಟಗಿತ್ತು. ಅದನ್ನ ವಾಪಸ್ ಕೊಡಿ ಅಂದಿದ್ದಕ್ಕೆ ಆ ಮೊದಲನೇ ಗ್ಯಾರೇಜಿನವನು "ಗುಜರಿಗೆ ಹೋಯ್ತಣ್ಣ" ಅಂದ. ಎಲ್ಲೂ ಹೋಗಿಲ್ಲ, ಹೋದ ವಾರ ಅವನ ರ‍್ಯಾಕಲ್ಲೇ ಇತ್ತು, ಸೈಡಲ್ಲಿ ನಮ್ ತಮ್ಮ ಬಳಿದಿದ್ದ ನೀಲಿ ಪೇಂಟ್ ಹಂಗೇ ಐತೆ. ನಾಳೆ ಹೂವು ಇಳಿಸಿ ಬರೋವಾಗ ಹೋಗ್ತೀನಿ, ಕೊಡೋವರೆಗೂ ಆ ಬಾಗಿಲು ಬಿಟ್ಟು ಏಳಲ್ಲ.