"ಎಲ್ಲಾ ಸೇರಿ ಎಷ್ಟಾಗುತ್ತೆ ಅಂಕಲ್?"

ನಿನ್ನೆ ಸಂಜೆ ಪಕ್ಕದ ಮನೆಯ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದೆ, ಕೈಯಲ್ಲಿ ದುಡ್ಡು ಓಡಾಡುತ್ತಿದೆ. ಉಪ್ಪುನೀರಿನ ಅಕ್ವೇರಿಯಂ ಇಡಬೇಕಂತೆ. ಲೆಕ್ಕವನ್ನೂ ಹಾಕಿಕೊಂಡೇ ಬಂದಿದ್ದ. ಮೊಬೈಲಿನಲ್ಲಿ ಐದು ಸಾಲು. ಟ್ಯಾಂಕ್, ಲೈಟ್, ಫಿಲ್ಟರ್, ಉಪ್ಪು, ಮೀನು. ಕೆಳಗೆ ಟೋಟಲ್. "ಎಲ್ಲಾ ಸೇರಿ ಇಷ್ಟೇ ಅಲ್ವಾ ಅಂಕಲ್?"

ಆ ಟೋಟಲ್ ನೋಡಿ ನಕ್ಕುಬಿಟ್ಟೆ. ನಗಬಾರದಿತ್ತು. ಎಂಟು ವರ್ಷದ ಹಿಂದೆ ನಾನು ಹಾಕಿದ್ದ ಲೆಕ್ಕದಲ್ಲಿ ನಾಲ್ಕೇ ಸಾಲಿತ್ತು.

ನನ್ನ ಉಪ್ಪುನೀರಿನ ಹುಚ್ಚು ನಿಮಗೇನು ಹೊಸದಲ್ಲ. "ನೀರು ಬದಲಿಸೋದಿದೆ" ಅಂತ ನಿಮ್ಮ ಮನೆಗಳಿಂದ ಅರ್ಧ ಮಾತಿಗೇ ಎದ್ದು ಓಡಿದವನು ನಾನು. ಆಮೇಲೆ ನೀವೆಲ್ಲ ಹಿಂದಿನಿಂದ ಆಡಿಕೊಂಡಿದ್ದೂ ಗೊತ್ತು. ಹಾಗಾಗಿ ಪೀಠಿಕೆ ಬೇಡ. ಆದರೆ ಮೊದಲೇ ಒಂದು ಮಾತು. ಈ ಬರಹದಲ್ಲಿ ಒಟ್ಟು ಮೊತ್ತ ಎಲ್ಲೂ ಬರುವುದಿಲ್ಲ. ನನ್ನ ಹೆಂಡತಿ ಫೇಸ್‌ಬುಕ್‌ನಲ್ಲಿದ್ದಾಳೆ.

ನನಗೆ ಸಿಟ್ಟು ಬರುವುದು ಆ ಹುಡುಗನ ಮೇಲಲ್ಲ. ಆ ಐದು ಸಾಲನ್ನು ಅವನ ತಲೆಗೆ ತುಂಬಿದವರ ಮೇಲೆ. ಹತ್ತು ನಿಮಿಷದ ವಿಡಿಯೋ, ಹಿಂದೆ ಸಂಗೀತ, ಮುಂದೆ ಹೊಳೆಯುವ ನೀಲಿ ಲೈಟು, "ಇಷ್ಟು ಕಡಿಮೆ ಖರ್ಚಿನಲ್ಲಿ ನಿಮ್ಮ ಮನೆಯಲ್ಲೇ ಸಮುದ್ರ" ಅನ್ನುವ ತಲೆಬರಹ. ಅವರು ಹೇಳುವುದು ಗಾಜಿನ ಬೆಲೆ. ಗಾಜು ಇದರಲ್ಲಿ ಎಲ್ಲಕ್ಕಿಂತ ಅಗ್ಗದ ಸಾಮಾನುಗಳಲ್ಲಿ ಒಂದು! ದುಡ್ಡು ಹೋಗುವುದು ಅದರೊಳಗಿನ ನೀರಿಗೆ. ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ. ವಾರ ವಾರ ಹೋಗುತ್ತದೆ.

ಸುಮ್ನೆ 200 ಲೀಟರಿನ ಟ್ಯಾಂಕ್ ಅಂತಿಟ್ಟುಕೊಳ್ಳಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅಂದರೆ ಮೊದಲ ಸಲ ತುಂಬಿಸುವಾಗಲೇ ಏನಿಲ್ಲವೆಂದರೂ 7 ಕೆಜಿ ಉಪ್ಪು ಬೇಕು. ಹುಡುಗನ ಲೆಕ್ಕದಲ್ಲಿ ಇದಿತ್ತು, ಭೇಷ್. ಇಲ್ಲದೇ ಇದ್ದದ್ದು ಮುಂದಿನ ವಾರ. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಿಸಿದರೂ 20 ಲೀಟರ್, 700 ಗ್ರಾಂ ಉಪ್ಪು. ವರ್ಷಕ್ಕೆ 36 ಕೆಜಿ. ಮೊದಲು ಕೊಂಡದ್ದರ ಐದು ಪಟ್ಟು. ಇದನ್ನು ಹೇಳಿದಾಗ ಅವನು ಒಂದು ನಿಮಿಷ ಸುಮ್ಮನಿದ್ದು ಕೇಳಿದ, "ಅಡುಗೆ ಉಪ್ಪು ಹಾಕಿದ್ರೆ ಆಗಲ್ವಾ?"

ಆಗಲ್ಲ ಕಣೋ. ಸಮುದ್ರದ ಉಪ್ಪಿನಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಎರಡೂ ಸೇರಿ ನೂರಕ್ಕೆ 85ರಷ್ಟು. ಉಳಿದದ್ದು ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇತ್ಯಾದಿ. ಆ ಉಳಿದ 15ರಲ್ಲೇ ಹವಳದ ಜೀವ ಇರುವುದು. 1854ರಲ್ಲೇ ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್ ಮನೆಯಲ್ಲಿ ಸಮುದ್ರದ ನೀರು ತಯಾರಿಸಲು ಹೊರಟಾಗ ಅವನಿಗೂ ಬರೀ ಅಡುಗೆ ಉಪ್ಪು ಸಾಕಾಗಲಿಲ್ಲ. ಅದರ ಜೊತೆ ಇನ್ನೂ ಮೂರು ಲವಣ ಬೆರೆಸಿದ್ದ. 170 ವರ್ಷ ಹಿಂದಿನವನಿಗೆ ಗೊತ್ತಿದ್ದ ವಿಷಯವನ್ನು ವಿಡಿಯೋದವನು ಹೇಳುವುದಿಲ್ಲ.

ಇನ್ನು ಉಪ್ಪು ಕರಗಿಸುವ ನೀರು. ನಲ್ಲಿ ನೀರು ನಡೆಯುವುದಿಲ್ಲ. ಕ್ಲೋರಿನ್, ಫಾಸ್ಫೇಟ್, ಸಿಲಿಕೇಟ್, ಕೆಲವೊಮ್ಮೆ ಪೈಪಿನ ತಾಮ್ರ, ಎಲ್ಲಾ ಬರುತ್ತದೆ. ಟ್ಯಾಂಕ್ ತುಂಬ ಪಾಚಿ ಬೆಳೆಸಬೇಕೆಂದಿದ್ದರೆ ಧಾರಾಳವಾಗಿ ಹಾಕಿ. ಇಲ್ಲವಾದರೆ ಆರ್‌ಓ ಫಿಲ್ಟರ್ ಮಾತ್ರವಲ್ಲ, ಅದರ ನಂತರ ಉಳಿದ ಲವಣವನ್ನೂ ಹೀರುವ ಡಿಐ ರೆಸಿನ್ ಕೂಡ ಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಒಂದು ಲೀಟರ್ ಒಳ್ಳೆ ನೀರು ಕೊಡುವಾಗ ಆ ಯಂತ್ರ ಮೂರು ನಾಲ್ಕು ಲೀಟರ್ ಆಚೆ ಬಿಡುತ್ತದೆ. ನಾನು ಅದನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಇಡುತ್ತೇನೆ. ನಮ್ಮ ಮನೆಯ ನೆಲದಷ್ಟು ಸ್ವಚ್ಛ ನೆಲ ಎಲ್ಲೂ ಇಲ್ಲ, ಬಂದು ನೋಡಿ.

ಅದಲ್ಲದೆ ಆವಿ. ನನ್ನ ಟ್ಯಾಂಕಿನಿಂದ ದಿನಕ್ಕೆ ಮೂರು ಲೀಟರ್ ಹೋಗುತ್ತದೆ. ನೀರು ಮಾತ್ರ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಆದ್ದರಿಂದ ದಿನಾ ಮೂರು ಲೀಟರ್ ಸಿಹಿನೀರು ಸುರಿಯಬೇಕು. ವರ್ಷಕ್ಕೆ ಸಾವಿರ ಲೀಟರಿನ ಮೇಲೆ. ಊರಿಗೆ ಹೋದರೆ ಯಾರು ಸುರಿಯುತ್ತಾರೆ? ಅದಕ್ಕೊಂದು ಆಟೋ ಟಾಪ್ ಆಫ್ ಯಂತ್ರ. ಅದೂ ಆ ಐದು ಸಾಲಿನಲ್ಲಿ ಇರಲಿಲ್ಲ.

ಕರೆಂಟು ಬೇರೆ. ಪಂಪು, ಅಲೆ ಎಬ್ಬಿಸುವ ವೇವ್ ಮೇಕರ್, ಗುಳ್ಳೆಯಲ್ಲಿ ಕೊಳೆ ಎತ್ತುವ ಸ್ಕಿಮ್ಮರ್ ಇವಕ್ಕೆ ರಾತ್ರಿ ಹಗಲಿಲ್ಲ, ಭಾನುವಾರ ಇಲ್ಲ. ಬರೀ 100 ವ್ಯಾಟ್ ನಿಲ್ಲದೆ ಉರಿದರೆ ತಿಂಗಳಿಗೆ 72 ಯೂನಿಟ್. ಇದಕ್ಕೆ ಲೈಟ್ ಸೇರಿಸಿ. ಚಳಿಗೆ ಹೀಟರ್ ಸೇರಿಸಿ. ನೀರು 24ರಿಂದ 27 ಡಿಗ್ರಿಯೊಳಗೆ ಇರಬೇಕಲ್ಲ, ಬಿಸಿಲಿಗೆ ಚಿಲ್ಲರ್ ಬೇಕಾದರೆ ಅದನ್ನೂ ಸೇರಿಸಿ. ಚಿಲ್ಲರ್ ಅಂದರೆ ಮನೆಗೆ ಇನ್ನೊಂದು ಫ್ರಿಜ್ ತಂದ ಹಾಗೆ. ಅದರೊಳಗೆ ಒಂದು ತಟ್ಟೆ ಇಡಲೂ ಆಗುವುದಿಲ್ಲ.

ಟ್ಯಾಂಕ್ ಇಡುವ ಸ್ಟ್ಯಾಂಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರು, ಗಾಜು, ಕಲ್ಲು, ಮರಳು ಸೇರಿ 300 ಕೆಜಿ ಹತ್ತಿರ ಬರುತ್ತದೆ. ಹಳೇ ಟಿವಿ ಮೇಜಿನ ಮೇಲೆ ಇಡುತ್ತೇನೆ ಅಂದ ಹುಡುಗ. ಇಡಪ್ಪಾ, ಕೆಳಗಿನ ಮನೆಯವರಿಗೂ ಮೊದಲೇ ಹೇಳಿಬಿಡು.

ಸ್ಕಿಮ್ಮರ್ ವಿಷಯಕ್ಕೆ ಬಂದರೆ ನನ್ನ ಮರ್ಯಾದೆಯೇ ಹೋಗುತ್ತದೆ. ಮೊದಲು ಅಗ್ಗದ್ದು ಕೊಂಡೆ. ಅದು ಗುಳ್ಳೆ ಬಿಡುತ್ತಿತ್ತು, ಕೊಳೆ ತೆಗೆಯುತ್ತಿರಲಿಲ್ಲ. ಅದಕ್ಕಿಂತ ಸ್ವಲ್ಪ ಮೇಲಿನದು ಕೊಂಡೆ. ಅದರ ಮೋಟರ್ ರಾತ್ರಿಯೆಲ್ಲ ಕೊರೆಯುತ್ತಿತ್ತು. ಕೊನೆಗೆ ಮೊದಲ ದಿನವೇ ಕೊಳ್ಳಬೇಕಿದ್ದದ್ದನ್ನು ಕೊಂಡೆ. ಒಂದರ ಜಾಗದಲ್ಲಿ ಮೂರರ ದುಡ್ಡು. ಲೈಟಿನಲ್ಲೂ ಇದೇ ಕತೆ, ಎರಡು ಸಲ. "ಈಗ ಸದ್ಯಕ್ಕೆ ಇದು, ಆಮೇಲೆ ಒಳ್ಳೇದು ತಗೊಂಡರಾಯ್ತು" ಅನ್ನುವುದಕ್ಕಿಂತ ದುಬಾರಿಯಾದ ಮಾತು ಈ ಹವ್ಯಾಸದಲ್ಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆದಿದ್ದೇನೆ ನಾನು.

ಇಷ್ಟೆಲ್ಲ ತಂದಿಟ್ಟ ಮೇಲೆ ಮೀನು ಬಿಡಬಹುದಾ? ಇಲ್ಲ. ಕಾಯಬೇಕು. ಅಮೋನಿಯಾವನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕಲ್ಲಿನ ಮೇಲೆ ಬೆಳೆಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಖಾಲಿ ಟ್ಯಾಂಕ್, ಉರಿಯುವ ಕರೆಂಟು, ಎರಡು ದಿನಕ್ಕೊಮ್ಮೆ ಟೆಸ್ಟ್ ಕಿಟ್ ಹಿಡಿದು ನೀರಿನ ಬಣ್ಣ ನೋಡುವ ನೀವು. ಮನೆಗೆ ಬಂದವರು "ಮೀನೆಲ್ಲಿ?" ಅಂತ ಕೇಳುತ್ತಾರೆ. ಕಲ್ಲು ತೋರಿಸಬೇಕು.

ಈಗ ಕಾಮೆಂಟಿನಲ್ಲಿ ಯಾರು ಬರುತ್ತೀರಿ ಅಂತಲೂ ಗೊತ್ತು. "ಸಾರ್, ಹೆದರಿಸಬೇಡಿ, ನನ್ನ ಸ್ನೇಹಿತ 40 ಲೀಟರಿನ ಸಣ್ಣ ಟ್ಯಾಂಕ್ ಇಟ್ಟು ಅಗ್ಗಕ್ಕೆ ಮುಗಿಸಿದ್ದಾನೆ." ಸರಿ, ಒಪ್ಪುತ್ತೇನೆ. ಸಣ್ಣ ಟ್ಯಾಂಕಿಗೆ ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ, ನೀರು ತಪ್ಪದೆ ಬದಲಿಸಿದರೆ ಸಾಕು. ಉಪ್ಪೂ ಕಡಿಮೆ, ಕರೆಂಟೂ ಕಡಿಮೆ. ಆದರೆ 40 ಲೀಟರಿನಿಂದ ಒಂದು ಲೀಟರ್ ಆವಿಯಾದರೆ 35 ಇದ್ದ ಉಪ್ಪಿನಂಶ ಹತ್ತಿರ ಹತ್ತಿರ 36 ಆಗುತ್ತದೆ. 200 ಲೀಟರಿನಲ್ಲಿ ಅದೇ ಒಂದು ಲೀಟರ್ ಹೋದರೆ 35.2. ಸಣ್ಣ ಟ್ಯಾಂಕಿನಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ಮೊದಲ ಟ್ಯಾಂಕ್ ಇಡುವವನು ಮಾಡುವುದು ಇನ್ನೇನು, ತಪ್ಪೇ ತಾನೆ? ಹತ್ತು ವರ್ಷ ಪಳಗಿದವನು ಸಣ್ಣ ಟ್ಯಾಂಕ್ ಇಟ್ಟು ಅಗ್ಗ ಅನ್ನುತ್ತಾನೆ. ಅವನು ಆ ಹತ್ತು ವರ್ಷದ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ಸ್ನೇಹಿತನನ್ನೂ ಕೇಳಿ ನೋಡಿ, ಅವನ ಅಟ್ಟದ ಮೇಲೆ ಎಷ್ಟು ಹಳೇ ಪಂಪು ಇವೆ ಅಂತ.

ಈಗ ಒಂದು ವಿಷಯ ಬರೆಯಬೇಕು. ಇಷ್ಟು ವರ್ಷ ಇಲ್ಲಿ ಬರೆದಿರಲಿಲ್ಲ.

ನನ್ನ ಮೊದಲ ಟ್ಯಾಂಕಿನ ಫೋಟೋ ನಿಮಗೆ ನೆನಪಿರಬಹುದು. ಐದು ಮೀನು, ಅದರಲ್ಲಿ ಎರಡು ಕಿತ್ತಳೆ ಬಿಳಿ ಪಟ್ಟೆಯ ಕ್ಲೌನ್ ಮೀನು, ತುಂಬಾ ಲೈಕ್ ಬಂದಿತ್ತು. ಆಮೇಲೆ ಎರಡೂವರೆ ತಿಂಗಳು ನಾನು ಫೋಟೋ ಹಾಕಲಿಲ್ಲ. ಕೇಳಿದವರಿಗೆ "ಕೆಲಸ ಜಾಸ್ತಿ" ಅಂದೆ. ಸುಳ್ಳು. ಐದನೇ ಮೀನು ತಂದಾಗ ಅದರ ಜೊತೆ ಇಕ್ ಅನ್ನುವ ರೋಗ ಬಂದಿತ್ತು. ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕಿ. ಕಲ್ಲಿಗೆ ಮೈ ಉಜ್ಜುವುದು, ಏದುಸಿರು. ಹತ್ತು ದಿನದಲ್ಲಿ ನಾಲ್ಕು ಸತ್ತವು. ಇದಕ್ಕೆ ತಾಮ್ರದ ಔಷಧಿ ಇದೆ. ಆದರೆ ತಾಮ್ರ ಸೀಗಡಿ, ಬಸವನಹುಳು, ಹವಳ ಎಲ್ಲವನ್ನೂ ಕೊಲ್ಲುತ್ತದೆ. ಆದ್ದರಿಂದ ದೊಡ್ಡ ಟ್ಯಾಂಕಿಗೆ ಹಾಕುವಂತಿಲ್ಲ. ಅದಕ್ಕೇ ಬೇರೆ ಒಂದು ಕ್ವಾರಂಟೈನ್ ಟ್ಯಾಂಕ್ ಇಟ್ಟು, ಹೊಸ ಮೀನನ್ನು ಮೊದಲು ಅಲ್ಲಿ ಕೆಲವು ವಾರ ಇಡಬೇಕು. ಕಲ್ಲಿಲ್ಲ, ಮರಳಿಲ್ಲ, ದುಬಾರಿ ಲೈಟಿಲ್ಲ. ಒಂದು ಬೋಳು ಟ್ಯಾಂಕ್, ಒಂದು ಸ್ಪಂಜ್ ಫಿಲ್ಟರ್, ಒಂದು ಹೀಟರ್, ಒಳಗೆ ಅವಿತುಕೊಳ್ಳಲು ಎರಡು ಪೈಪ್ ತುಂಡು. ಇಡೀ ಪಟ್ಟಿಯಲ್ಲಿ ಅಗ್ಗದ ಐಟಂಗಳಲ್ಲಿ ಒಂದು. ನಾನು ಉಳಿತಾಯ ಮಾಡಿದ್ದು ಅದರಲ್ಲಿ.

ಉಳಿದ ಒಂದು ಕ್ಲೌನನ್ನು ಆಮೇಲೆ ಬೇರೆ ಟ್ಯಾಂಕಿಗೆ ಹಾಕಿದೆ. ಅಂದರೆ ಯಾವ ಟ್ಯಾಂಕ್ ಕೊಳ್ಳದೆ ದುಡ್ಡು ಉಳಿಸಿದ್ದೆನೋ ಅದನ್ನೇ ನಾಲ್ಕು ಹೆಣ ಎತ್ತಿದ ಮೇಲೆ ಕೊಂಡೆ. ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಬಿಟ್ಟೆ. ಕಲ್ಲು ಮರಳಿಗೆ ಅಂಟಿದ ರೋಗಾಣು ಹೊರಬಂದು, ಹಿಡಿಯಲು ಮೀನು ಸಿಗದೆ ಸಾಯಲಿ ಅಂತ ಹವ್ಯಾಸದವರು ಪಾಲಿಸುವ ಗಡುವು ಅದು. 76 ದಿನ ಖಾಲಿ ಟ್ಯಾಂಕಿಗೆ ಲೈಟು, ಪಂಪು, ಉಪ್ಪು, ನೀರು. ದಿನಾ ಸಂಜೆ ಅದರ ಮುಂದೆ ಕೂರುತ್ತಿದ್ದೆ. ಹೆಂಡತಿ ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಹಾಗಾಗಿ "ಹವ್ಯಾಸ ಅಂದಮೇಲೆ ಮೀನು ಒಂದೆರಡು ಸಾಯುತ್ತೆ, ಬೇರೆ ತಂದರಾಯ್ತು" ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕ್ಲೌನ್ ಮೀನನ್ನು ಟ್ಯಾಂಕಿನಲ್ಲೇ ಮರಿ ಮಾಡಿಸಿ ಮಾರುತ್ತಾರೆ, ಸರಿ. ಆದರೆ ಹುಡುಗನ ಪಟ್ಟಿಯಲ್ಲಿ ಎರಡನೇ ಮೀನು ಬ್ಲೂ ಟ್ಯಾಂಗ್ ಅನ್ನುವ ನೀಲಿ ಮೀನು ಇತ್ತು. ಅದನ್ನು ಸಾಕಿದ ಜಾಗದಲ್ಲಿ ಮೊದಲ ಸಲ ಮರಿ ಮಾಡಿಸಿ ಬೆಳೆಸಲು ಸಾಧ್ಯವಾಗಿದ್ದು 2016ರಲ್ಲಿ, ಫ್ಲೋರಿಡಾದಲ್ಲಿ. ಈಗಲೂ ಮಾರಾಟಕ್ಕೆ ಬರುವವು ಹೆಚ್ಚಾಗಿ ಸಮುದ್ರದಿಂದ ಹಿಡಿದು ತಂದವೇ. ಹೆಬ್ಬೆರಳಿನಷ್ಟು ಇರುವಾಗ ಮುದ್ದಾಗಿರುತ್ತದೆ. ಬೆಳೆದರೆ 30 ಸೆಂಟಿಮೀಟರ್. ಮೂರು ಅಡಿ ಟ್ಯಾಂಕಿನಲ್ಲಿ ಅದು ಈಜುವುದಿಲ್ಲ, ಗೋಡೆಯಿಂದ ಗೋಡೆಗೆ ತಿರುಗುತ್ತದೆ. ಅದಕ್ಕೆ ಸರಿಯಾದ ಟ್ಯಾಂಕ್ ಬೇಕೆಂದರೆ ಇವನ ಇಡೀ ಬಜೆಟ್ಟನ್ನು ಮತ್ತೆ ಬರೆಯಬೇಕು. ಹೂವಿನ ಹಾಗೆ ಕಾಣುವ ಸಮುದ್ರಜೀವಿ ಅನಿಮೋನಿಯೂ ಬೇಕಂತೆ, ಕ್ಲೌನಿಗೆ "ಮನೆ". ಟ್ಯಾಂಕಿನ ಕ್ಲೌನಿಗೆ ಅನಿಮೋನಿ ಬೇಕಾಗಿಯೇ ಇಲ್ಲ ಮಾರಾಯ. ಅನಿಮೋನಿಗೆ ಬೇಕಾಗಿರುವುದು ಜೋರು ಲೈಟು ಮತ್ತು ತಿಂಗಳುಗಟ್ಟಲೆ ಏರುಪೇರಾಗದೆ ನಿಂತ ನೀರು. ಹೊಸಬನ ಹತ್ತಿರ ಎರಡನೆಯದು ಇರುವುದಿಲ್ಲ.

ಇಷ್ಟೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಹುಡುಗನ ಮುಖ ಬಾಡಿತ್ತು. ಪಾಪ ಅನ್ನಿಸಿತು. ಪೆನ್ನು ತಗೊಂಡು ಅವನ ಐದು ಸಾಲನ್ನು ಕಾಗದದ ಮೇಲೆ ಬರೆದು ಮುಂದುವರಿಸಿದೆ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್. ಟೆಸ್ಟ್ ಕಿಟ್. ಆರ್‌ಓ ಡಿಐ. ಕಲ್ಲು 20 ಕೆಜಿ ಆಸುಪಾಸು. ಕ್ವಾರಂಟೈನ್ ಟ್ಯಾಂಕ್, ಅದರ ಕೆಳಗೆ ಎರಡು ಗೆರೆ. ಬಕೆಟ್ ನಾಲ್ಕು. ಕರೆಂಟು ಹೋದರೆ ಗಾಳಿ ಆಡಿಸಲು ಬ್ಯಾಟರಿ ಪಂಪು. ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಿ ಮೇಲೆ "ಪ್ರತಿ ತಿಂಗಳು" ಅಂತ ಬರೆದೆ. ಮೊದಲ ಕಾಲಮ್ಮಿಗಿಂತ ಆ ಎರಡನೇ ಕಾಲಂ ನೋಡಿಯೇ ಅವನು ಜಾಸ್ತಿ ಹೊತ್ತು ಕೂತ. "ಒಂದು ವರ್ಷ ಈ ಎರಡನೇ ಕಾಲಮ್ಮಿನ ದುಡ್ಡು ತಿಂಗಳು ತಿಂಗಳು ಬೇರೆ ಇಡು, ಇಡೋಕೆ ಆದ್ರೆ ಟ್ಯಾಂಕ್ ತಗೋ" ಅಂದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದ.

ಬುದ್ಧಿ ಬಂತು ಅಂದುಕೊಂಡೆ. ಇವತ್ತು ಬೆಳಿಗ್ಗೆ ಏಳಕ್ಕೇ ಮೆಸೇಜ್. ಒಂದು ಫೋಟೋ. ಯಾರೋ ಸೆಕೆಂಡ್ ಹ್ಯಾಂಡ್ ಮಾರುತ್ತಿದ್ದಾರೆ. ನಾಲ್ಕು ಅಡಿ ಟ್ಯಾಂಕ್, ಸ್ಟ್ಯಾಂಡ್, ಲೈಟ್, ಸ್ಕಿಮ್ಮರ್, ಕಲ್ಲು, ಎಲ್ಲಾ ಸೇರಿ. "ಅರ್ಧಕ್ಕಿಂತ ಕಡಿಮೆ ಅಂಕಲ್!!!"

ಬೈಯಬೇಕು ಅಂತಲೇ ಫೋನ್ ಎತ್ತಿಕೊಂಡೆ. ಆದರೆ ಫೋಟೋ ದೊಡ್ಡದು ಮಾಡಿ ನೋಡಿದರೆ ಸ್ಕಿಮ್ಮರ್ ಒಳ್ಳೇದೇ. ನಾನು ಮೂರನೇ ಸಲ ಕೊಂಡೆನಲ್ಲ, ಅದೇ ಸೈಜು. "ಅದರಲ್ಲಿ ಯಾವತ್ತಾದ್ರೂ ತಾಮ್ರದ ಔಷಧಿ ಹಾಕಿದ್ರಾ ಕೇಳು" ಅಂತ ಬರೆದೆ. ಕಲ್ಲು ತಾಮ್ರ ಹಿಡಿದಿಟ್ಟುಕೊಂಡರೆ ಆಮೇಲೆ ಸೀಗಡಿ ಬಿಡುವ ಹಾಗಿಲ್ಲವಲ್ಲ. ಹಾಕಿಲ್ಲವಂತೆ. ಎಷ್ಟು ದಿನ ನಡೆಸಿದ್ದರಂತೆ ಅಂದೆ. ಏಳು ತಿಂಗಳಂತೆ.

"ಯಾಕೆ ಮಾರ್ತಿದ್ದಾರಂತೆ?"

"ಖರ್ಚು ತಡೆಯೋಕೆ ಆಗ್ತಿಲ್ವಂತೆ ಅಂಕಲ್. ಸಂಜೆ ನೋಡೋಕೆ ಹೋಗ್ತಿದೀನಿ, ನೀವೂ ಬರ್ತೀರಾ?"