ಮ್ಯಾನ್‌ಹೋಲ್‌ನ ಬಾಯಲ್ಲಿ ರೋಬೋಟ್

ಪ್ರಶ್ನೆ: ಒಳಚರಂಡಿಯ ಸಾವುಗಳನ್ನು ತಡೆಯಲು ಆ ಕೆಲಸವನ್ನು ರೋಬೋಟ್‌ಗಳಿಗೆ ಒಪ್ಪಿಸುವುದು ಸರಿಯಾದ ದಾರಿಯೇ?

ಪರ: ಇಳಿಯುವುದಾದರೆ ಕಬ್ಬಿಣ ಇಳಿಯಲಿ

ಮ್ಯಾನ್‌ಹೋಲ್‌ನ ಮುಚ್ಚಳವನ್ನು ಹಾರೆಯಿಂದ ಮೀಟಿ ಸರಿಸಿದ ಮೇಲೆ ಹಳಬರು ಮೊದಲು ನೋಡುವುದು ಜಿರಳೆಗಳನ್ನು. ಗೋಡೆಯ ಮೇಲೆ ಅವು ಹರಿದಾಡುತ್ತಿದ್ದರೆ ಒಳಗೆ ಉಸಿರಾಡುವಷ್ಟು ಗಾಳಿ ಇದೆ ಎಂದು ಲೆಕ್ಕ. ಕಾಣದಿದ್ದರೆ ಇನ್ನಷ್ಟು ಹೊತ್ತು ಕಾಯಬೇಕು. ಉಪಗ್ರಹ ಹಾರಿಸುವ ದೇಶ ತನ್ನ ಕೆಲಸಗಾರನಿಗೆ ಕೊಟ್ಟಿರುವ ಅನಿಲಮಾಪಕ ಇದು.

ಆ ಗುಂಡಿಯಲ್ಲಿ ಕೊಲ್ಲುವುದು ಕೊಳಕಲ್ಲ, ಗಾಳಿ. ಆಮ್ಲಜನಕ ತಲುಪದ ಹೂಳಿನಲ್ಲಿ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹುಟ್ಟಿಸುತ್ತವೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ ಬಂದು ಎಚ್ಚರಿಸುತ್ತದೆ. ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು 100 ಭಾಗ ಮುಟ್ಟುವ ಹೊತ್ತಿಗೆ ಮೂಗು ಸೋತುಹೋಗುತ್ತದೆ. ನಾತ ಹೋಯಿತು, ಇನ್ನು ಪರವಾಗಿಲ್ಲ ಎಂದುಕೊಳ್ಳುವ ಗಳಿಗೆಯೇ ಗಂಡಾಂತರದ ಗಳಿಗೆ. ಈ ಅನಿಲ ಗಾಳಿಗಿಂತ ಭಾರವಾದದ್ದು, ತಳದಲ್ಲಿ ತಂಗಿರುತ್ತದೆ. ಹೂಳನ್ನು ಕದಡಿದಾಗ ಒಮ್ಮೆಲೇ ಏಳುತ್ತದೆ. ಮೊದಲನೆಯವನು ಕುಸಿಯುತ್ತಾನೆ. ಅವನನ್ನು ಎತ್ತಲು ಎರಡನೆಯವನು ಇಳಿಯುತ್ತಾನೆ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದ ಒಂದೇ ಮ್ಯಾನ್‌ಹೋಲ್ ಮೂವರನ್ನು ಬಲಿ ತೆಗೆದುಕೊಂಡಿತು. 2015ರಲ್ಲಿ ಕೋಯಿಕ್ಕೋಡ್‌ನಲ್ಲಿ ಸತ್ತವರು ಇಬ್ಬರು ಕೆಲಸಗಾರರು ಮತ್ತು ಅವರನ್ನು ಉಳಿಸಲು ಹೋದ ಒಬ್ಬ ಆಟೋ ಚಾಲಕ.

ಆ ಸುದ್ದಿ ಕೇರಳದ ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳ ನಿದ್ದೆ ಕೆಡಿಸಿತು. ಮುಂದೆ ಅವರು ಕಟ್ಟಿದ ಜೆನ್‌ರೋಬೋಟಿಕ್ಸ್ ಸಂಸ್ಥೆ 2018ರಲ್ಲಿ ತಿರುವನಂತಪುರದಲ್ಲಿ ಬ್ಯಾಂಡಿಕೂಟ್ ಎಂಬ ರೋಬೋಟನ್ನು ಕೆಲಸಕ್ಕಿಳಿಸಿತು. ಬ್ಯಾಂಡಿಕೂಟ್ ಎಂದರೆ ನಮ್ಮ ಹೆಗ್ಗಣವೇ. ಆ ಇಂಗ್ಲಿಷ್ ಪದವೂ ಇಲ್ಲಿಯದೇ, ತೆಲುಗಿನ ಪಂದಿಕೊಕ್ಕು ಹಡಗು ಹತ್ತಿ ಹೋಗಿ ಹೀಗಾಗಿದೆ.

ರೋಬೋಟ್ ಎಂದಕೂಡಲೇ ಎರಡು ಕಾಲಿನ ಲೋಹದ ಮನುಷ್ಯನನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ. ಸುತ್ತಲಿನದನ್ನು ಗ್ರಹಿಸಬೇಕು, ಗ್ರಹಿಸಿದ್ದಕ್ಕೆ ತಕ್ಕಂತೆ ಕೈಕಾಲು ಆಡಿಸಬೇಕು, ಅಷ್ಟೇ. ನಿರ್ಧಾರ ಅದರದೇ ಆಗಿರಬಹುದು, ದೂರದಲ್ಲಿ ಕುಳಿತ ಮನುಷ್ಯನದೂ ಆಗಿರಬಹುದು. ಬ್ಯಾಂಡಿಕೂಟ್‌ನ ಒಂದು ಭಾಗ ಚೌಕಟ್ಟಿನಂತೆ ರಸ್ತೆಯ ಮೇಲೆ ನಿಲ್ಲುತ್ತದೆ. ಇನ್ನೊಂದು ಭಾಗ ಗುಂಡಿಗೆ ಇಳಿದು, ಕಾಲುಗಳನ್ನು ಅಗಲಿಸಿ ಗೋಡೆಗೆ ಒತ್ತಿ ನಿಂತು, ಕೈಯಿಂದ ಹೂಳು ಬಾಚಿ ಬಕೆಟ್ ತುಂಬುತ್ತದೆ. ಕ್ಯಾಮೆರಾ ಅದರ ಕಣ್ಣು, ಅನಿಲ ಸಂವೇದಕ ಅದರ ಮೂಗು. ಈ ಮೂಗು ಸೋಲುವುದಿಲ್ಲ. ನಡೆಸುವವನು ಮೇಲೆ ಬಿಸಿಲಲ್ಲಿ ನಿಂತು ಪರದೆ ನೋಡುತ್ತಿರುತ್ತಾನೆ.

ಮೊದಲಿನಿಂದಲೂ ರೋಬೋಟ್‌ಗಳಿಗೆ ಸಿಕ್ಕಿದ್ದು ಇಂಥ ಕೆಲಸಗಳೇ. 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಬಂದ ಯೂನಿಮೇಟ್, ಅಚ್ಚಿನಿಂದ ಹೊರಬಂದ ಸುಡುವ ಲೋಹದ ಭಾಗಗಳನ್ನು ಎತ್ತಿಡುತ್ತಿತ್ತು. ಮನುಷ್ಯ ಕೈ ಸುಟ್ಟುಕೊಳ್ಳುವ ಜಾಗ ಅದು. ಆಮೇಲೆ ಬಾಂಬ್ ನಿಷ್ಕ್ರಿಯಗೊಳಿಸಲು, ಕಡಲ ತಳ ತಡಕಲು, ಮಂಗಳನ ನೆಲದಲ್ಲಿ ಅಲೆಯಲು ಹೋದವು. ಶಸ್ತ್ರಚಿಕಿತ್ಸೆಯ ಕೋಣೆಗೂ ಗೋದಾಮಿಗೂ ಬಂದವು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ವೈದ್ಯರು ರೋಬೋಟ್‌ನ ತೋಳಿನಿಂದ ಹೊಟ್ಟೆಯೊಳಗೆ ಹೊಲಿಗೆ ಹಾಕುತ್ತಾರೆ. ಅದೇ ಆಸ್ಪತ್ರೆಯ ಹಿಂದಿನ ಚೇಂಬರ್ ಕಟ್ಟಿಕೊಂಡರೆ ಬಿದಿರು ಗಳ ಹುಡುಕುತ್ತೇವೆ.

ಕಾನೂನು ಇದೆಯಲ್ಲ ಎನ್ನುವವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯನ್ನು ಒಮ್ಮೆ ಓದಬೇಕು. ಮಾಲೀಕ ಸುರಕ್ಷಾ ಸಾಧನ ಕೊಡದೆ ಕೈಯಿಂದ ಶುಚಿ ಮಾಡಿಸಿದರೆ ಅದು ಅಪಾಯಕಾರಿ ಶುಚಿಗೊಳಿಸುವಿಕೆ. ಕೊಟ್ಟರೆ ಅಲ್ಲ. ಈ ಒಂದು ಕಿಂಡಿ ಸಾಕು. ಗಂಬೂಟು, ಕೈಗವಸು ಕೊಟ್ಟ ಫೋಟೊ ಕಡತದಲ್ಲಿದ್ದರೆ ಗುತ್ತಿಗೆದಾರ ಪಾರು. ಕಾಯ್ದೆ ಬಂದು ವರ್ಷಗಳಾದ ಮೇಲೂ, 2019ರಿಂದ 2023ರವರೆಗೆ ಒಳಚರಂಡಿ ಮತ್ತು ಮಲಗುಂಡಿಗಳಲ್ಲಿ 377 ಜನ ಸತ್ತರೆಂದು ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಯಂತ್ರ ಇಳಿಯುವ ಕಡೆ ಈ ಕಿಂಡಿಗೆ ಅರ್ಥವೇ ಇಲ್ಲ.

ಹೊಟ್ಟೆಪಾಡಿನ ಮಾತೂ ಬರುತ್ತದೆ. ಮದ್ರಾಸ್ ಐಐಟಿಯವರು ಮಲಗುಂಡಿಗಾಗಿ ಹೋಮೋಸೆಪ್ ಎಂಬ ಯಂತ್ರ ಮಾಡಿದರು. ತಿರುಗುವ ಅಲಗುಗಳಿಂದ ಗಟ್ಟಿ ಹೂಳನ್ನು ಕಲಕಿ ಹೊರಗೆಳೆಯುವ ಯಂತ್ರ ಅದು. 2022ರಲ್ಲಿ ಮೊದಲು ಅದನ್ನು ಪಡೆದವರು ತಮಿಳುನಾಡಿನ ಸ್ವಸಹಾಯ ಗುಂಪುಗಳು. ಅವನ್ನು ಮುನ್ನಡೆಸುವವರು ಇದೇ ಕೆಲಸದಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು. ಗಂಡನನ್ನು ನುಂಗಿದ ಗುಂಡಿಯ ದಂಡೆಯಲ್ಲಿ ಹೆಂಡತಿ ಯಂತ್ರದ ಒಡತಿಯಾಗಿ ನಿಂತಿದ್ದಾಳೆ. ಇದನ್ನು ಬೇಡವೆನ್ನಲು ನನಗೆ ಕಾರಣ ಹೊಳೆಯುತ್ತಿಲ್ಲ.

ವಿರೋಧ: ಹೊಸ ಯಂತ್ರ, ಹಳೆಯ ಹಗ್ಗ

ರೋಬೋಟ್ ಎಂಬ ಪದ 1920ರಲ್ಲಿ ಬರೆದ ಒಂದು ಚೆಕ್ ನಾಟಕದಿಂದ ಬಂದದ್ದು. ಆ ಭಾಷೆಯಲ್ಲಿ ರೊಬೋಟಾ ಎಂದರೆ ಬಿಟ್ಟಿ ಚಾಕರಿ, ಒಡೆಯನ ಹೊಲದಲ್ಲಿ ರೈತ ಕೂಲಿಯಿಲ್ಲದೆ ಮಾಡಬೇಕಾಗಿದ್ದ ದುಡಿಮೆ. ನಮ್ಮ ಊರುಗಳಲ್ಲಿ ಆ ಚಾಕರಿ ಯಾರ ಪಾಲಿಗಿತ್ತೆಂದು ಹೇಳಬೇಕಾಗಿಲ್ಲ. ಒಳಚರಂಡಿ ಶುಚಿಯನ್ನು ಯಂತ್ರಗಳಿಗೆ ವಹಿಸಲು ಕೇಂದ್ರ ತಂದ ನಮಸ್ತೆ ಯೋಜನೆಗೆ ಗುರುತಿಸಲಾದ ಒಳಚರಂಡಿ ಕೆಲಸಗಾರರಲ್ಲಿ ಶೇ 90ಕ್ಕೂ ಹೆಚ್ಚು ಜನ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರು. ಎದುರಿನ ವಾದ ಅನಿಲದ ರಸಾಯನಶಾಸ್ತ್ರವನ್ನು ಚೆನ್ನಾಗಿ ವಿವರಿಸಿತು. ಈ ಅಂಕಿಯ ಹತ್ತಿರವೂ ಸುಳಿಯಲಿಲ್ಲ.

ಗುಂಡಿಗೆ ಇಳಿಯುವುದೇ ಸಾವಲ್ಲ. ಅಮೆರಿಕ, ಯುರೋಪಿನಲ್ಲೂ ಒಳಚರಂಡಿಗೆ ಮನುಷ್ಯರು ಇಳಿಯುತ್ತಾರೆ. ಮೊದಲು ಅನಿಲಮಾಪಕ ಇಳಿಯುತ್ತದೆ, ಊದುಯಂತ್ರ ಗಾಳಿ ತುಂಬುತ್ತದೆ. ಸೊಂಟ, ಭುಜಕ್ಕೆ ಕಟ್ಟಿದ ಪಟ್ಟಿ ಮೇಲಿನ ಮುಕ್ಕಾಲಿಯ ರಾಟೆಗೆ ಬಿಗಿದಿರುತ್ತದೆ, ದಂಡೆಯಲ್ಲಿ ಕಾವಲಿಗೆ ಒಬ್ಬ ನಿಂತೇ ಇರುತ್ತಾನೆ. ಇಳಿದವನು ಕುಸಿದರೆ ರಾಟೆ ತಿರುಗಿಸಿ ಎತ್ತುತ್ತಾರೆ, ಇನ್ನೊಬ್ಬ ಇಳಿಯುವುದಿಲ್ಲ. ಇದಕ್ಕೆ ಬೇಕಾದ ಸಾಮಾನು ರೋಬೋಟ್‌ನ ಬೆಲೆಯ ಒಂದು ಚೂರು. ಅದನ್ನೂ ಕೊಡದವರು ಹತ್ತಾರು ಲಕ್ಷದ ಯಂತ್ರ ಕೊಂಡು ಬೀದಿಬೀದಿಗೆ ಕಳಿಸುತ್ತಾರೆ ಎಂದು ನಂಬಲು ನನಗೆ ಕಷ್ಟ. ಕೊಳ್ಳುವುದು ಕೊಳ್ಳುತ್ತಾರೆ. ಹೂಮಾಲೆ, ರಿಬ್ಬನ್, ಫೋಟೊ ಎಲ್ಲ ಆಗುತ್ತದೆ. ಆಮೇಲೆ ಅದಕ್ಕೆ ಡೀಸೆಲ್ ಯಾರು ಹಾಕಬೇಕು, ಕೈ ಮುರಿದರೆ ಬಿಡಿಭಾಗಕ್ಕೆ ಯಾವ ಲೆಕ್ಕಶೀರ್ಷಿಕೆ ಎಂಬಲ್ಲಿ ಕಡತ ನಿಲ್ಲುತ್ತದೆ. ಹೂಳು ಮಾತ್ರ ನಿಲ್ಲುವುದಿಲ್ಲ.

ತಿರುವನಂತಪುರವನ್ನೇ ನೋಡೋಣ. ಬ್ಯಾಂಡಿಕೂಟ್ ಹುಟ್ಟಿದ ಊರು. 2024ರ ಜುಲೈನಲ್ಲಿ ಅಲ್ಲಿನ ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ಕಾಲುವೆಯ ಕಸ ತೆಗೆಯಲು ಒಬ್ಬ ಕೆಲಸಗಾರ ಇಳಿದ. ಮಳೆನೀರು ಏರಿ ಅವನನ್ನು ಒಯ್ದಿತು. ಪ್ಲಾಸ್ಟಿಕ್ ಗುಡ್ಡೆಯ ನಡುವೆ ಮುಳುಗುಗಾರರು ಹುಡುಕಿದರು, ಜೊತೆಗೆ ರೋಬೋಟ್‌ಗಳನ್ನೂ ತಂದರು. ಮೂರನೆಯ ದಿನ ಹೆಣ ಕಾಲುವೆಯ ಬೇರೊಂದು ಕಡೆ ತೇಲಿತು. ಕಸ ತೆಗೆಯಲು ಮನುಷ್ಯ, ಮನುಷ್ಯನನ್ನು ಹುಡುಕಲು ರೋಬೋಟ್. ಈ ಸರದಿ ತಲೆಕೆಳಗಾದದ್ದು ತಂತ್ರಜ್ಞಾನದ ಕೊರತೆಯಿಂದಲ್ಲ. ಯಂತ್ರ ಅದೇ ಊರಿನಲ್ಲಿತ್ತು.

ಯಂತ್ರ ಸೋತಾಗ ಏನಾಗುತ್ತದೆ ಎಂಬುದಕ್ಕೆ ಇನ್ನೂ ಹಳೆಯ ಸಾಕ್ಷಿ ಇದೆ. 1986ರಲ್ಲಿ ಸ್ಫೋಟಗೊಂಡ ಚೆರ್ನೋಬಿಲ್ ಅಣುಸ್ಥಾವರದ ಚಾವಣಿಯ ಮೇಲೆ ಬಿದ್ದಿದ್ದ ವಿಕಿರಣಭರಿತ ಗ್ರಾಫೈಟ್ ತುಂಡುಗಳನ್ನು ತಳ್ಳಲು ರೋಬೋಟ್‌ಗಳನ್ನು ಹತ್ತಿಸಿದರು. ವಿಕಿರಣಕ್ಕೆ ಅವು ಕೆಟ್ಟು ನಿಂತವು. ಆಗ ಸೀಸದ ತಗಡು ಕಟ್ಟಿಕೊಂಡ ಮೂರು ಸಾವಿರಕ್ಕೂ ಹೆಚ್ಚು ಜನ ಸರದಿಯ ಮೇಲೆ ಓಡಿ ಸಲಿಕೆಯಿಂದ ತಳ್ಳಿದರು. ಅವರಿಗೆ ಇಟ್ಟ ಹೆಸರು ಜೈವಿಕ ರೋಬೋಟ್‌ಗಳು. ಇಕ್ಕಟ್ಟಿನ ಗಲ್ಲಿಗೆ ಯಂತ್ರದ ಗಾಡಿ ಹೋಗದಿದ್ದರೆ, ರಜೆಯ ದಿನ ನಡೆಸುವವನು ಬಾರದಿದ್ದರೆ ನಮ್ಮಲ್ಲೂ ಯಾರನ್ನು ಕೂಗಿ ಕರೆಯುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿದೆ.

ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು ಯಂತ್ರವಲ್ಲ. 1970ರ ದಶಕದ ಆರಂಭದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಅದನ್ನು ನಿಷೇಧಿಸಿದರು. ಆಚರಣೆ ಆ ದಿನವೇ ಅಳಿಯಲಿಲ್ಲ ಎಂಬುದೂ ನಿಜ. 2010ರಲ್ಲಿ ಸವಣೂರಿನಲ್ಲಿ ಮಲ ಬಾಚುವ ಸಮುದಾಯದವರು, ತಮ್ಮನ್ನು ಒಕ್ಕಲೆಬ್ಬಿಸಲು ಹೊರಟ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ಅವರು ಕೇಳಿದ್ದು ಇರಲು ಜಾಗ ಮತ್ತು ಕೆಲಸ.

ತಮಿಳುನಾಡಿನ ಹೆಂಗಸರ ಬಗ್ಗೆ ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ಅಲ್ಲಿ ಯಂತ್ರ ಅವರ ಕೈಯಲ್ಲಿದೆ, ಗುತ್ತಿಗೆದಾರನ ಕೈಯಲ್ಲಲ್ಲ. ಆದರೆ ಅದನ್ನು ರೋಬೋಟ್‌ನ ಗೆಲುವು ಎಂದು ಹೇಗೆ ಕರೆಯುವುದು? 2019ರಲ್ಲಿ ದೆಹಲಿಯಲ್ಲಿ 200 ಶುಚಿ ವಾಹನಗಳನ್ನು ಕೆಲಸಗಾರರ ಕುಟುಂಬಗಳಿಗೇ ಒಡೆತನಕ್ಕೆ ಕೊಡುವ ಏರ್ಪಾಡಾಯಿತು. ಅವು ನೀರು ಚಿಮ್ಮಿಸಿ ಹೂಳು ಬಿಡಿಸುವ ಸಾಧಾರಣ ಜೆಟ್ಟಿಂಗ್ ಗಾಡಿಗಳು, ರೋಬೋಟ್‌ಗಳಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಗೇಟಿನ ಒಳಗಿನ ಗುಂಡಿಗಳು. ಬೆಂಗಳೂರಿನ ದೊಡ್ಡ ವಸತಿ ಸಮುಚ್ಚಯಗಳು ತಮ್ಮ ಕೊಳಚೆಯನ್ನು ತಾವೇ ಶುದ್ಧೀಕರಿಸಿಕೊಳ್ಳಬೇಕು. ಆ ಘಟಕಗಳ ತೊಟ್ಟಿಗಳಲ್ಲೂ ಜನ ಸತ್ತಿದ್ದಾರೆ. ಯಾವ ಜಲಮಂಡಳಿಯ ರೋಬೋಟೂ ಅಲ್ಲಿಗೆ ಬರುವುದಿಲ್ಲ. ನಾವಿರುವ ಕಟ್ಟಡದ ಸಂಘದ ಸಭೆಯಲ್ಲಿ ಕಳೆದ ವರ್ಷ ಖರ್ಚಿನ ಪಟ್ಟಿ ಹಂಚಿದರು. ಫಿನಾಯಿಲ್, ಬಲ್ಬು, ಲಿಫ್ಟಿನ ಎಣ್ಣೆ, ಅದರ ಕೆಳಗೆ ‘ತೊಟ್ಟಿ ಶುಚಿ: ಆಳು 2, ಹಗ್ಗ 1’. ಯಂತ್ರ ತರಿಸಬಹುದಿತ್ತಲ್ಲ ಎಂದೆ. ನೆಲಮಾಳಿಗೆಯ ಚಾವಣಿ ತಗ್ಗು, ಗಾಡಿ ಹೋಗುವುದಿಲ್ಲ ಎಂದರು. ಆ ಇಬ್ಬರು ಯಾರು ಎಂದು ಕೇಳಿದೆ. ಗುತ್ತಿಗೆದಾರನಿಗೆ ಗೊತ್ತಿರುತ್ತದೆ ಎಂದರು. ಮುಂದಿನ ವಿಷಯ ಕಾರು ನಿಲುಗಡೆಯದಾಗಿತ್ತು, ಅದು ರಾತ್ರಿ ಹತ್ತರವರೆಗೆ ನಡೆಯಿತು.